ಕಿವಿಪೆಟ್ಟಿಗೆ ಮತ್ತು ಕರಿಗಡಬು

ಗುಟ್ಟು ಇಟ್ಟುಕೊಳ್ಳಲು ಬಾರದವರಿಗೆ ಬೀಗ ಮಾರುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಹಿಂದೆ ಹಿತ್ತಾಳೆಯ ಬೀಗ ಮಾರಿದರು, ಆಮೇಲೆ ನಂಬರಿನ ಬೀಗ ಮಾರಿದರು. ಗುಳೇದಗುಡ್ಡದ ಹೆಂಗಸರಿಗೆ ಮಾರಿದ್ದು ಕಿವಿಪೆಟ್ಟಿಗೆ.

ನೋಡಲು ಅದು ಕುಂಕುಮದ ಭರಣಿಗಿಂತ ತುಸು ದೊಡ್ಡದು. ಮುಚ್ಚಳದ ತುಂಬ ಸಣ್ಣ ತೂತುಗಳು. ಅದರ ಮುಂದೆ ಕುಳಿತು ಮನಸ್ಸಿನಲ್ಲಿದ್ದುದನ್ನು ಹೇಳಿದರೆ ಸಾಕು. ಪೆಟ್ಟಿಗೆ ಎದುರಾಡುವುದಿಲ್ಲ, ಬುದ್ಧಿ ಹೇಳುವುದಿಲ್ಲ, ನಡುವೆ ಬಾಯಿ ಹಾಕಿ ತನ್ನ ಗೋಳು ತೆಗೆಯುವುದಿಲ್ಲ. ಹೇಳಿದ ಮಾತು ಚೂರುಚೂರಾಗಿ ಗಾಳಿಯಲ್ಲಿ ಹಾರಿ, ಊರ ಹೊರಗಿನ ಬಂಡೆಗುಡ್ಡದ ಮೇಲಿದ್ದ ಮುಗಿಲುಮನೆಗೆ ಹೋಗುತ್ತದೆ. ಅಲ್ಲಿ ಒಂದು ಚೂರು ಒಂದು ಯಂತ್ರದಲ್ಲಿ, ಇನ್ನೊಂದು ಚೂರು ಇನ್ನೊಂದರಲ್ಲಿ. ಒಂದೇ ಚೂರು ಕದ್ದವನಿಗೆ ತೌಡೂ ಸಿಗುವುದಿಲ್ಲ. ಮಾತಿನ ಒಡತಿ ಬಂದು ತನ್ನ ಧ್ವನಿಯಲ್ಲಿ ತನ್ನ ಗುಟ್ಟಿನ ಪದ ಹೇಳಿದಾಗ ಮಾತ್ರ ಎಲ್ಲ ಚೂರುಗಳೂ ಓಡಿ ಬಂದು ಕೂಡುತ್ತವೆ. ಹಿಂದೆ ಹೇಳಿದ್ದನ್ನು ಆಗ ಮತ್ತೆ ಕೇಳಬಹುದು, ಹೊಸದನ್ನು ಸೇರಿಸಬಹುದು.

ಹೆಸರು ಮುಗಿಲು, ಇರುವುದು ಕಬ್ಬಿಣದ ಕಪಾಟು. ಇದನ್ನು ಕಂಪನಿಯವರು ಬಿಡಿಸಿ ಹೇಳಲಿಲ್ಲ, ಊರವರು ಕೇಳಲೂ ಇಲ್ಲ. ಮುಗಿಲು ಅಂದಮೇಲೆ ಅದು ಮೇಲೆಲ್ಲೋ ದೇವರ ಮಗ್ಗುಲಲ್ಲಿ ಇರುತ್ತದೆ ಎಂದುಕೊಂಡರು. ಕಪಾಟಿಗೊಬ್ಬ ಕಾವಲುಗಾರ ಇರುತ್ತಾನೆ, ಕಾವಲುಗಾರನಿಗೂ ಒಂದು ಕೀಲಿ ಇರುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ಪೆಟ್ಟಿಗೆ ಬಂದ ಮೇಲೆ ಊರು ತಣ್ಣಗಾಯಿತು. ನಲ್ಲಿಯ ಹತ್ತಿರ ಕೊಡ ಕೊಡಕ್ಕೆ ತಾಗಿದರೂ ಹೆಂಗಸರು ತುಟಿ ಬಿಗಿಹಿಡಿದು ಮನೆಗೆ ಬರುತ್ತಿದ್ದರು, ಬಾಗಿಲು ಹಾಕಿಕೊಂಡು ಪೆಟ್ಟಿಗೆಯ ಮುಂದೆ ಮೂರು ತಲೆಮಾರು ಜಾಲಾಡುತ್ತಿದ್ದರು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ರೊಟ್ಟಿ ಬಡಿಯುತ್ತಿದ್ದರು. ರಕ್ತದೊತ್ತಡದ ಗುಳಿಗೆ ಮೊದಲಿನಷ್ಟು ಖರ್ಚಾಗುತ್ತಿಲ್ಲ ಎಂದು ಔಷಧದ ಅಂಗಡಿಯವನು ಗೊಣಗಿದ.

ಇನ್ನು ಗುಟ್ಟಿನ ಪದದ ಸಂಗತಿ. ಪೆಟ್ಟಿಗೆ ಕೊಡುವಾಗ ಕಂಪನಿಯವರು ಹೇಳಿದ್ದು ಒಂದೇ ಮಾತು: “ನೀವು ಯಾರ ಮುಂದೆಯೂ ಆಡದ ಒಂದು ಪದ ಆರಿಸಿಕೊಳ್ಳಿ.” ಆ ಊರಿನಲ್ಲಿ ಮದುವೆಯಾದ ಹೆಂಗಸು ಯಾರ ಮುಂದೆಯೂ ಆಡದ ಪದ ಯಾವುದು? ಗಂಡನ ಹೆಸರು. ‘ಅವರು’ ಅನ್ನುತ್ತಾಳೆ, ‘ಮನಿಯವರು’ ಅನ್ನುತ್ತಾಳೆ, ‘ಇಂಥವನ ಅಪ್ಪ’ ಅನ್ನುತ್ತಾಳೆ, ಹೆಸರು ಮಾತ್ರ ಎತ್ತುವುದಿಲ್ಲ. ಹೀಗೆ ಓಣಿ ಓಣಿಯ ಹೆಂಗಸರೆಲ್ಲ, ಒಬ್ಬಳನ್ನೊಬ್ಬಳು ಕೇಳದೆಯೇ, ಗಂಡನ ಹೆಸರನ್ನೇ ಕೀಲಿ ಮಾಡಿಟ್ಟರು. ತಾವು ಆಡದ ಮಾತು ಲೋಕಕ್ಕೂ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ಆ ಹೆಸರು ಮನೆಯ ಬಾಗಿಲ ಫಲಕದ ಮೇಲೆಯೇ ಬರೆದಿತ್ತು.

ಮುಗಿಲುಮನೆಯ ಕಾವಲು ದಾಕ್ಷಾಯಣಿಯದು. ನಲವತ್ತೈದು ದಾಟಿದ ಹೆಂಗಸು, ಗಣಕಯಂತ್ರದ ಓದು ಓದಿದವಳು, ಮೂಗಿನ ತುದಿಯಲ್ಲಿ ಸಿಟ್ಟು. ಕಪಾಟುಗಳಿಗೆ ಕಳ್ಳ ಕೈ ಹಾಕದಂತೆ ನೋಡಿಕೊಳ್ಳುವುದು ಅವಳ ಕೆಲಸ. ತಪಾಸಣೆಯ ಕೀಲಿ ಅವಳ ಕೈಯಲ್ಲಿತ್ತು. ಮನಸ್ಸು ಮಾಡಿದರೆ ಊರಿನ ಯಾವ ಪೆಟ್ಟಿಗೆಯನ್ನಾದರೂ ತೆರೆದು ಕೇಳಬಹುದಿತ್ತು, ತನ್ನ ಅತ್ತೆಯದನ್ನೂ. ಅತ್ತೆ ಗುರುಸಿದ್ಧವ್ವ ವಾರಕ್ಕೊಮ್ಮೆ ಒಳಕೋಣೆಯ ಬಾಗಿಲು ಹಾಕಿಕೊಂಡು ಪೆಟ್ಟಿಗೆಗೆ ಏನು ಹೇಳುತ್ತಾಳೆ, ಅದರಲ್ಲಿ ಸೊಸೆಯ ಪಾಲೆಷ್ಟು ಎಂದು ತಿಳಿಯುವ ಆಸೆ ದಾಕ್ಷಾಯಣಿಗೆ ಆಗಿಲ್ಲ ಎಂದರೆ ಸುಳ್ಳು. ಆಗಿತ್ತು. ಆದರೆ ಆ ಕೀಲಿಯನ್ನು ಅವಳು ಒಮ್ಮೆಯೂ ತಿರುವಿರಲಿಲ್ಲ.

ಹೀಗಿರುವಾಗ ಒಂದು ರಜೆಯ ದಿನ ಮಧ್ಯಾಹ್ನ, ಊಟಕ್ಕೆ ಕುಳಿತ ಹೊತ್ತಿಗೆ ಗೋಡೆಯ ಪರದೆ ತಾನಾಗಿ ಬೆಳಗಿತು. ಸಕ್ಕರೆ ಪಾಕದಂಥ ಒಂದು ಜಾಹೀರಾತಿನ ದನಿ: “ಗುರುಸಿದ್ಧವ್ವನವರೇ, ಕರಿಗಡಬು ತಿನ್ನುವ ಆಸೆಯೇ? ಬಿಸಿಬಿಸಿಯಾಗಿ ನಿಮ್ಮ ಬಾಗಿಲಿಗೇ ತರುತ್ತೇವೆ.”

ದಾಕ್ಷಾಯಣಿಗೆ ನಗು ಬಂತು. “ಅತ್ತೀ, ಇವರಿಗೆ ನಿಮ್ಮ ಸುದ್ದಿ ಗೊತ್ತಿಲ್ಲ ನೋಡ್ರಿ. ಕರಿಗಡಬು ಕಂಡ್ರ ಮುಖ ತಿರುವೂ ಮಂದಿ ನೀವು.”

ಗುರುಸಿದ್ಧವ್ವ ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟಳು. “ನಗತಿ? ನಗು. ಕಡೀಕ ತಗದಿ ಹೌದಲ್ಲ?”

“ಏನು ತಗದೆ?”

“ನನ್ನ ಪೆಟ್ಟಿಗಿ. ಕರಿಗಡಬಿನ ಮಾತು ನಾ ಪೆಟ್ಟಿಗಿಗೆ ಬಿಟ್ರ ಒಂದು ಹುಳಕ್ಕೂ ಹೇಳಿಲ್ಲ. ಗುಡ್ಡದ ಮ್ಯಾಲ ಕೀಲಿ ಹಿಡಕೊಂಡು ಕುಂತಾಕಿ ನೀ. ಬ್ಯಾರೆ ಯಾರು ತಗೀತಾರ?”

“ನಿಮಗ ಸೇರದ ತಿನಿಸಿನ ಸುದ್ದಿ ಪೆಟ್ಟಿಗಿಗೆ ಯಾಕ ಹೇಳಿದ್ರಿ?”

“ಅದು ನಿನಗ ಬೇಕಾಗಿಲ್ಲ.” ಅತ್ತೆ ಕೈ ತೊಳೆದು ಎದ್ದಳು. “ಇವತ್ತಿನಿಂದ ನನ್ನ ರೊಟ್ಟಿ ನಾ ಬಡಕೋತೇನಿ. ಹಿತ್ತಲದಾಗ ಒಲಿ ಐತಿ.”

ದಾಕ್ಷಾಯಣಿಗೆ ಕಿವಿಯವರೆಗೂ ಬೆಂಕಿ ಹತ್ತಿತು. “ನಾ ತಗದಿಲ್ಲ ಅಂತೇನಿ.”

“ನಾ ತಗದೇನಿ ಅಂತ ಯಾವ ಕಳ್ಳಿ ಹೇಳತಾಳ?”

ಒಂದು ಮನೆಯಲ್ಲಿ ಎರಡು ಒಲೆ ಉರಿದರೆ ಏನಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲು ಒಲೆ ಬೇರೆ, ಆಮೇಲೆ ಮಾತು ಬೇರೆ, ಕೊನೆಗೆ ಗೋಡೆ. ಮಾತು ಆ ಸಂಜೆಯೇ ಬೇರೆಯಾಯಿತು. ಗುರುಸಿದ್ಧವ್ವ ಸೊಸೆಗೆ ಹೇಳಬೇಕಾದುದನ್ನೆಲ್ಲ ಗಂಡನ ಮೂಲಕ ಹೇಳತೊಡಗಿದಳು. ಮಾವ ಮುರಿಗೆಪ್ಪ ಕುಪ್ಪಸದ ಖಣ ನೇಯುವವನು, ಪಡಸಾಲೆಯ ಮಗ್ಗವನ್ನು ಬಿಟ್ಟು ಏಳದ ಸಾಧು. ಎರಡು ದಿನದಲ್ಲಿ ಅವನಿಗೂ ಸಾಕಾಯಿತು.

“ನೀವಿಬ್ಬರೂ ಕೂಡಿ ನನ್ನ ಲಾಳಿ ಮಾಡೀರಿ,” ಎಂದ. “ಆ ಕಡಿಂದ ಈ ಕಡಿ, ಈ ಕಡಿಂದ ಆ ಕಡಿ. ಬಟ್ಟಿಯಾದರೂ ಬಂದ್ರ ಛಲೋ ಇತ್ತು.”

ದಾಕ್ಷಾಯಣಿಯ ಗಂಡ ಪೇಟೆಯ ಖಣದ ಅಂಗಡಿಯಿಂದ ತಡವಾಗಿ ಬಂದು ಬೇಗ ಹೋಗುವುದನ್ನು ಕಲಿತ. ಜಾಣ.

ಮುಗಿಲುಮನೆಯ ಒಳಗೆ ಬೇಸಿಗೆಯಲ್ಲೂ ಸ್ವೆಟರ್ ಬೇಕು. ಯಂತ್ರಗಳು ಬಿಸಿಯಾಗದಂತೆ ತಣ್ಣನೆಯ ಗಾಳಿ ಬಿಟ್ಟಿರುತ್ತಾರೆ. ದಾಕ್ಷಾಯಣಿ ಬಂದವಳೇ ಕುರ್ಚಿಯನ್ನು ದರದರ ಎಳೆದು ಕುಳಿತಳು. ಪಕ್ಕದ ಮೇಜಿನ ವಿಲ್ಮಾ ಲೋಬೊ ಮಂಗಳೂರಿನವಳು, ಧ್ವನಿಯ ಪರೀಕ್ಷೆಯಲ್ಲಿ ನಿಪುಣೆ, ಇವಳ ಸಿಟ್ಟಿಗೆ ಒಗ್ಗಿಕೊಂಡ ಗೆಳತಿ. ದಾಕ್ಷಾಯಣಿ ಹೇಳಿದ್ದನ್ನೆಲ್ಲ ಕೇಳಿ, ಗುರುಸಿದ್ಧವ್ವನ ಪೆಟ್ಟಿಗೆ ಯಾವಾಗ ಯಾವಾಗ ತೆರೆದಿದೆ ಎಂದು ನೋಡಿದಳು.

“ಸುಮ್ಮನೆ ತಲೆ ಕೆಡಿಸ್ಕೊಳ್ತೀರಿ ಮಾರಾಯ್ತಿ. ತೆರೆದಾಗಲೆಲ್ಲ ಸ್ವರ ಸರಿ ಉಂಟು, ಪದ ಸರಿ ಉಂಟು. ತೆರೆದದ್ದು ನಿಮ್ಮ ಅತ್ತೆಯೇ.”

“ಹಂಗಾದ್ರ ಕರಿಗಡಬಿನ ಅಂಗಡಿಯವನಿಗೆ ಯಾರು ಹೇಳಿದ್ರು?”

“ಅದು ನನಗೆ ಹೇಗೆ ಗೊತ್ತು? ತಪಾಸಣೆ ಕೀಲಿ ಹಾಕಿ ಒಳಗೆ ಒಂದು ಸಲ ನೋಡುವ. ಯಾವ ಮಾತು ಹೋಗಿದೆ ಅಂತ ಗೊತ್ತಾಗ್ತದಲ್ಲ.”

“ಆ ಕೀಲಿಗೆ ಕೈ ಹಚ್ಚಿದ್ರ ಆಕಿ ಅಂದದ್ದು ಖರೇ ಆಗತೈತಿ. ಒಳಗ ಕಾಲಿಡೂದು ಬ್ಯಾಡ. ಹೊಸ್ತಿಲ ಸದ್ದು ಹಚ್ಚು.”

ಪೆಟ್ಟಿಗೆ ತೆರೆಯುವ ಮುಂಚಿನ ಅರೆನಿಮಿಷದ ಸದ್ದನ್ನು ಮುಗಿಲುಮನೆ ಕೆಲವು ವಾರ ಇಟ್ಟುಕೊಳ್ಳುತ್ತದೆ. ಒಳಗಿನ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಬಾಗಿಲು ಬಡಿದವರು ಯಾರು ಎಂದು ಹೊಸ್ತಿಲಲ್ಲಿ ನಿಂತು ನೋಡಿದ ಹಾಗೆ, ಅಷ್ಟೇ.

ವಿಲ್ಮಾ ಒಂದನ್ನು ಹಚ್ಚಿದಳು. ಕೆಮ್ಮು. ಬಳೆಯ ಸದ್ದು. ಗಂಟಲು ಸರಿಮಾಡಿಕೊಂಡದ್ದು. ಸೆರಗು ಹಲ್ಲಿಗೆ ಸಿಕ್ಕಂತೆ ಒಂದು ಸಣ್ಣ ನಗು. ಆಮೇಲೆ ಉಸಿರಿನಲ್ಲಿ, ಕೇಳಿಸಿತೋ ಇಲ್ಲವೋ ಎಂಬಂತೆ, “ಮುರಿಗೆಪ್ಪ.” ಕೇಳಿಸಲಿಲ್ಲ ಎಂದಿತು ಪೆಟ್ಟಿಗೆ. ಮತ್ತೆ ಕೆಮ್ಮು, ಮತ್ತೆ ಬಳೆ.

“ಇದು ನಮ್ಮತ್ತಿ,” ಎಂದಳು ದಾಕ್ಷಾಯಣಿ. ಅವಳಿಗೂ ನಗು ತಡೆಯಲಿಲ್ಲ. “ಮುಂದಿಂದು ಹಚ್ಚು.”

ಮುಂದಿನದೂ ಹಾಗೆಯೇ. ಅದರ ಮುಂದಿನದು ಹಾಗಿರಲಿಲ್ಲ. ಕೆಮ್ಮಿಲ್ಲ, ಬಳೆಯಿಲ್ಲ, ನಗುವಿಲ್ಲ. ನೇರವಾಗಿ, ಗಟ್ಟಿಯಾಗಿ, “ಮುರಿಗೆಪ್ಪ.” ಬಾಗಿಲು ತೆರೆಯಿತು.

ದಾಕ್ಷಾಯಣಿ ಕುರ್ಚಿಯಿಂದ ಎದ್ದಳು. “ಕಳ್ಳ ಸಿಕ್ಕ.”

“ಎಂತ ಸಿಕ್ಕಿದ್ದು? ಸ್ವರ ಅವರದ್ದೇ. ಅಳತೆ ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲ.”

“ಸ್ವರ ಆಕಿದು, ಆದರ ಹೇಳಿದಾಕಿ ಆಕಿ ಅಲ್ಲ. ಗಂಡನ ಹೆಸರು ಹಿಂಗ ಒಂದ ಏಟಿಗೆ ಹೇಳೂ ಹೆಣ್ಣು ನಮ್ಮೂರಾಗ ಇನ್ನೂ ಹುಟ್ಟಿಲ್ಲ.”

“ನಾನು ನನ್ನ ಗಂಡನನ್ನು ದಿನಕ್ಕೆ ನೂರು ಸಲ ರೊನಾಲ್ಡ್ ಅಂತ ಕರೀತೇನಪ್ಪ.”

“ನಿನ್ನ ಪೆಟ್ಟಿಗಿ ಆಗಿದ್ರ ನನಗ ಸಂಶೆ ಬರತಿದ್ದಿಲ್ಲ. ಆ ಹೆಸರು ತಗದು ಹಿಂದ ಉಳಿದ ಸದ್ದು ಏನೈತಿ ಕೇಳಿಸು.”

ವಿಲ್ಮಾ ಧ್ವನಿಯನ್ನು ಬೇರ್ಪಡಿಸಿ ಉಳಿದದ್ದನ್ನು ದೊಡ್ಡದು ಮಾಡಿದಳು. ಮೊದಲಿನ ಸದ್ದುಗಳಲ್ಲಿ ಕೆಮ್ಮು ಕೇಳುವವರೆಗೂ ಹಿಂದೆ ಇದ್ದದ್ದು ಪಡಸಾಲೆಯ ಮಗ್ಗದ ಖಟಖಟ. ಇಲ್ಲಿ ಕೇಳಿದ್ದು ಸನಾದಿಯ ಎಳೆದ ಒಂದು ಸ್ವರ, ಅದರ ಬಾಲಕ್ಕೆ ಹತ್ತಾರು ಹೆಂಗಸರ ನಗು.

ದಾಕ್ಷಾಯಣಿ ಮೆಲ್ಲಗೆ ಕುಳಿತಳು. ಆ ನಗುವಿನಲ್ಲಿ ಅವಳದೂ ಒಂದಿತ್ತು.

ಆ ಸೀಮೆಯಲ್ಲಿ ಹೆಂಗಸು ಗಂಡನ ಹೆಸರು ಹೇಳುವುದು ಒಂದೇ ಕಡೆ, ಮದುವೆಯ ಮನೆಯಲ್ಲಿ. ಅಲ್ಲಿ ಎಲ್ಲರೂ ಸುತ್ತುವರಿದು ಒಡಪು ಹೇಳಿಸುತ್ತಾರೆ. ಎರಡು ಸಾಲಿನ ಪದ್ಯ, ಅದರೊಳಗೆ ಗಂಡನ ಹೆಸರು. ಮೈದುನನ ಮಗನ ಮದುವೆಯಲ್ಲಿ ಗುರುಸಿದ್ಧವ್ವನನ್ನೂ ಬಿಟ್ಟಿರಲಿಲ್ಲ. “ಹತ್ತು ಎಳಿ ಕೆಂಪು, ಹತ್ತು ಎಳಿ ಹಸರು, ಮಗ್ಗದ ಮ್ಯಾಲ ಬರದೈತಿ ಮುರಿಗೆಪ್ಪನವರ ಹೆಸರು” ಎಂದು ಅವಳು ಎದೆಯುಬ್ಬಿಸಿ ಹೇಳಿದ್ದಳು. ಪದ್ಯದಲ್ಲಿ ನಾಚಿಕೆ ಇರುವುದಿಲ್ಲ. ಅದನ್ನು ಚಿತ್ರ ಹಿಡಿದವಳು ದಾಕ್ಷಾಯಣಿ. ಬಂಧುಬಳಗವೆಲ್ಲ ನೋಡಲಿ ಎಂದು ಅದೇ ಮುಗಿಲಿನಲ್ಲಿ, ಯಾರು ಬೇಕಾದರೂ ನೋಡುವಂತೆ, ಬಾಗಿಲು ಹಾರುಹೊಡೆದು ಇಟ್ಟವಳೂ ಅವಳೇ.

“ಅಂದರೆ ಸ್ವರವೂ ಅದರಲ್ಲೇ, ಪದವೂ ಅದರಲ್ಲೇ. ಹೆಸರನ್ನು ಮಾತ್ರ ಕತ್ತರಿಸಿ ತೆಗೆದರೆ ಆಯ್ತು,” ಎಂದಳು ವಿಲ್ಮಾ.

“ಮತ್ತ ಯಾರ ಹೆಂಡತಿ ಅಂತ ಮದುವಿ ಫೋಟೋದ ಕೆಳಗ ಬರದೂ ಇಟ್ಟೇವಿ. ಊರ ಮಂದಿ ಎಲ್ಲಾರೂ ಹಂಗ ಇಟ್ಟಾರ.”

ನೋಡಿದರೆ ಓಣಿ ಓಣಿಯ ಪೆಟ್ಟಿಗೆಗಳು ಹಾಗೆಯೇ ತೆರೆದಿದ್ದವು. ಕೆಮ್ಮಿಲ್ಲದೆ, ನಗುವಿಲ್ಲದೆ, ಒಂದೇ ಏಟಿಗೆ. ಒಂದರ ಹಿಂದೆ ಸನಾದಿ, ಇನ್ನೊಂದರ ಹಿಂದೆ ಬ್ಯಾಂಡು, ಮತ್ತೊಂದರ ಹಿಂದೆ ಅಕ್ಕಿಕಾಳು ಹಾಕಿರೆಂದು ಕೂಗುವ ಅಯ್ಯನವರು.

ದಾಕ್ಷಾಯಣಿ ಮೇಲಿನ ಕಚೇರಿಗೆ ಫೋನು ಹಚ್ಚಿದಳು. ಊರಿನ ಎಲ್ಲ ಪೆಟ್ಟಿಗೆಗಳನ್ನೂ ಈ ಕ್ಷಣ ಮುಚ್ಚಬೇಕು, ಹೊಸ ಪದ ಇಡುವವರೆಗೆ ತೆರೆಯಬಾರದು ಎಂದಳು. ಅತ್ತಲಿಂದ ಸಾಹೇಬರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದರು.

“ನೋಡಿ ಮೇಡಂ, ನಮ್ಮ ಬೀಗ ಮುರಿದಿಲ್ಲ. ಸರಿಯಾದ ಕೀಲಿ ಬಿದ್ದಿದೆ, ತೆರೆದಿದೆ. ಇದು ಗ್ರಾಹಕರ ಅಜಾಗರೂಕತೆ. ಎಲ್ಲ ಮುಚ್ಚಿದರೆ ಜನ ಹೆದರುತ್ತಾರೆ, ಕಂಪನಿಯ ಮೇಲಿನ ನಂಬಿಕೆ ಹೋಗುತ್ತದೆ. ಸದ್ದಿಲ್ಲದೆ ಒಂದು ಸೂಚನೆ ಕಳಿಸೋಣ.”

“ಯಾರೂ ಆಡದ ಪದ ಇಡ್ರಿ ಅಂತ ಹೇಳಿದವರು ನೀವು. ಅಂಥಾ ಪದ ಈ ಊರಾಗ ಯಾವುದು ಅಂತ ಒಬ್ಬ ಹೆಣ್ಣುಮಗಳನ್ನ ಕೇಳಿದ್ರೇನು? ಕಳ್ಳ ಕೇಳ್ಯಾನ. ಅದಕ್ಕ ಅವ ಒಳಗ ಅದಾನ, ನೀವು ಹೊರಗ ಅದೀರಿ. ಈಗ ನಾ ಮುಚ್ಚತೇನಿ. ನನ್ನ ಕೆಲಸದಿಂದ ತಗೀಬೇಕಂದ್ರ ಸದ್ದು ಮಾಡೇ ತಗೀರಿ.”

ಫೋನು ಇಟ್ಟು, ಮುಚ್ಚಿಯೇ ಬಿಟ್ಟಳು.

ಮಧ್ಯಾಹ್ನಕ್ಕೇ ಊರು ಬಿಸಿಯಾಯಿತು. ಪೆಟ್ಟಿಗೆ ಬಾಯಿ ತೆರೆಯದೆ ಹೋದಾಗ, ಹೆಂಗಸರ ಹೊಟ್ಟೆಯಲ್ಲಿದ್ದುದಕ್ಕೆ ಹೋಗಲು ದಾರಿ ಬೇಕಲ್ಲ. ನಲ್ಲಿಯ ಹತ್ತಿರ ಎರಡು ಕೊಡ ಒಡೆದವು. ವರ್ಷಗಟ್ಟಲೆ ಬೈಯಿಸಿಕೊಳ್ಳದ ಗಂಡಸರು ಬೈಯಿಸಿಕೊಂಡು, ಏನಾಯಿತೆಂದು ತಿಳಿಯದೆ ಕಟ್ಟೆಗಳ ಮೇಲೆ ಬಂದು ಕುಳಿತರು. ದಾಕ್ಷಾಯಣಿ ಕೆಲಸ ಮುಗಿಸಿ ಗುಡ್ಡ ಇಳಿದು ಬಂದಾಗ, ನೆರೆಮನೆಯ ಕಾಶವ್ವನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕಂಡಿಕೆಗೆ ನೂಲು ಸುತ್ತುತ್ತ ಅವಳಿಗೇ ಕಾಯುತ್ತಿದ್ದರು. ಗುರುಸಿದ್ಧವ್ವ ದೂರದಲ್ಲಿ, ಕಂಬಕ್ಕೆ ಒರಗಿ, ಸೊಸೆಯ ಕಡೆ ನೋಡದೆ ಕುಳಿತಿದ್ದಳು.

ದಾಕ್ಷಾಯಣಿ ಸುತ್ತಿಬಳಸದೆ ಹೇಳಿದಳು. ಕಳ್ಳ ಹೊಕ್ಕಿದ್ದಾನೆ. ನಿಮ್ಮ ಒಡಪಿನಿಂದಲೇ ಕೀಲಿ ಮಾಡಿಕೊಂಡಿದ್ದಾನೆ. ಯಾರಿಗೆ ಯಾವ ಆಸೆ, ಯಾವ ರೋಗ, ಯಾವ ಭಯ ಎಂದು ಕೇಳಿಸಿಕೊಂಡು ಅಂಗಡಿಯವರಿಗೆ ಮಾರುತ್ತಿದ್ದಾನೆ.

“ಅಯ್ಯ, ಅದಕ್ಕ ನನಗ ಮಣಕಾಲಿನ ಎಣ್ಣಿ ಎಣ್ಣಿ ಅಂತ ಜೀವಾ ತಿಂತಿದ್ರು,” ಎಂದಳು ಕಾಶವ್ವ. “ನನ್ನ ಮಣಕಾಲು ನೋಯೂದು ನನ್ನ ಸೊಸಿಗೇ ಗೊತ್ತಿಲ್ಲ.”

“ನಿನ್ನ ಸೊಸಿಗೆ ಗೊತ್ತೈತಿ, ತಿಕ್ಕಬೇಕಾಗತೈತಿ ಅಂತ ಸುಮ್ಮನ ಅದಾಳ,” ಎಂದು ಇನ್ನೊಬ್ಬಳು ಕುಟುಕಿದಳು.

“ಕದ್ದದ್ದು ತಿರುಗಿ ಬರತೈತೇನು, ದಾಕ್ಷಾಯಣಿ?”

“ಇಲ್ಲ. ಪೊಲೀಸರಿಗೆ ಹೇಳೇನಿ, ಕಳ್ಳ ಸಿಗಬಹುದು. ಆದರ ಮಾತು ದನಾ ಅಲ್ಲ, ಹಗ್ಗಾ ಹಾಕಿ ಹೊಡಕೊಂಡು ಬರಾಕ. ಹ್ವಾದದ್ದು ಹ್ವಾತು. ಇದ್ದದ್ದು ಕಾಯಬೇಕು.”

“ಮತ್ತ ಈಗ ಯಾವ ಪದ ಇಡೂನು? ಅತ್ತಿ ಹೆಸರು?”

“ಅದೂ ಬ್ಯಾಡ, ಮಗನ ಹೆಸರೂ ಬ್ಯಾಡ, ಮನಿದೇವರದೂ ಬ್ಯಾಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಕು ಪದ ಕೂಡಿಸ್ರಿ. ಒನಕಿ, ಆಮಿ, ಉಪ್ಪು, ಟಪಾಲು, ಹಿಂಗ. ಹಾಡಬ್ಯಾಡ್ರಿ, ಹೇಳಬ್ಯಾಡ್ರಿ, ಒಬ್ಬರದು ಇನ್ನೊಬ್ಬರು ಇಡಬ್ಯಾಡ್ರಿ. ಮದುವಿ ಚಿತ್ರ ಹೊರಗ ಇಟ್ಟವರು ಇವತ್ತ ಒಳಗ ತಗೋರಿ.”

“ಒನಕಿ ಆಮಿ ಛಲೋ ಐತಿ, ನಾ ಅದನ್ನ ಇಡತೇನಿ,” ಎಂದಳು ಕಾಶವ್ವ.

ದಾಕ್ಷಾಯಣಿ ಹಣೆ ಹಣೆ ಬಡಿದುಕೊಂಡಳು.

ಎಲ್ಲರೂ ಎದ್ದು ಹೋದ ಮೇಲೆ ಅವಳು ಅತ್ತೆಯ ಎದುರು ಹೋಗಿ ಕುಳಿತು, ತಂದಿದ್ದ ಹೊಸ್ತಿಲ ಸದ್ದನ್ನು ಕೇಳಿಸಿದಳು. ಮೊದಲು ಕೆಮ್ಮು, ಬಳೆ, ನಗು. ಆಮೇಲೆ ಆ ಗಟ್ಟಿ ಹೆಸರು. ಕೊನೆಗೆ ಸನಾದಿ.

ಗುರುಸಿದ್ಧವ್ವ ಕೈಯಲ್ಲಿದ್ದ ಕಂಡಿಕೆಗೆ ಇನ್ನೊಂದು ಸುತ್ತು ನೂಲು ಸುತ್ತಿದಳು. “ಹಂಗಾದ್ರ ನೀ ತಗದಿಲ್ಲ.”

“ಇಲ್ಲ.”

“ಕೀಲಿ ಮಾಡಿ ಬಾಗಲದಾಗ ನೇತ ಹಾಕಿದಾಕಿ ಮಾತ್ರ ನೀನ.”

“ಹೌದ್ರಿ. ಅದು ನನ್ನ ತಪ್ಪು.”

ಅಷ್ಟು ಬೇಗ ಒಪ್ಪಿಕೊಳ್ಳುತ್ತಾಳೆಂದು ಅತ್ತೆ ಎಣಿಸಿರಲಿಲ್ಲ. ಕಂಡಿಕೆ ಕೆಳಗಿಟ್ಟಳು. “ಕೇಳು ಹಂಗಾದ್ರ. ನೀ ಆ ಗುಡ್ಡದ ಕೆಲಸಕ್ಕ ಸೇರಿದಾಗ ನನ್ನ ಹೊಟ್ಟ್ಯಾಗ ಒಂದು ಹುಳ ಹೊಕ್ಕಿತು. ಕೀಲಿ ಸೊಸಿ ಕೈಯಾಗ ಐತಿ, ಕೇಳದ ಬಿಡತಾಳೇನು ಅಂತ. ಅದಕ್ಕ ವಾರಾ ವಾರಾ ಪೆಟ್ಟಿಗಿ ಮುಂದ ಕುಂತಾಗ ಒಂದು ಮಾತು ಬಿಡತಿದ್ದೆ. ನನಗ ಕರಿಗಡಬು ತಿನ್ನೂ ಆಸೆ ಆಗೇತಿ, ಯಾರೂ ಮಾಡಿ ಕೊಡವಲ್ಲರು ಅಂತ.”

“ನಿಮಗ ಸೇರದ ಕರಿಗಡಬು.”

“ಸೇರೂದು ಹೇಳಿದ್ರ ನೀ ಸುಮ್ಮನ ಒಂದು ದಿನ ಮಾಡಬಹುದು, ನನಗ ಹೆಂಗ ತಿಳೀಬೇಕು? ಸೇರದ್ದು ಈ ಮನ್ಯಾಗ ಯಾರೂ ನನಗ ಅಂತ ಮಾಡೂದಿಲ್ಲ. ಮಾಡಿ ತಂದು ನನ್ನ ತಾಟಿನಾಗ ಇಟ್ಟಿ ಅಂದ್ರ ಕೇಳೀದಿ ಅಂತ ಅರ್ಥ. ಇಷ್ಟು ವರ್ಷ ಒಂದು ಕರಿಗಡಬೂ ಬರಲಿಲ್ಲ. ನನ್ನ ಸೊಸಿ ಬಾಯಿ ಕೆಟ್ಟದ್ದು, ಕೈ ಸ್ವಚ್ಛ ಅಂತ ನೆಮ್ಮದಿಯಿಂದ ಇದ್ದೆ. ಮೊನ್ನೆ ಆ ಪರದೆ ಕರಿಗಡಬು ಅಂದಾಗ ನನ್ನ ಎದಿ ಒಡೀತು, ತಂಗಿ.”

ದಾಕ್ಷಾಯಣಿಗೆ ಸಿಟ್ಟು ಬರಬೇಕಿತ್ತು. ಮುಗಿಲುಮನೆಯಲ್ಲಿ ಕಳ್ಳನನ್ನು ಹಿಡಿಯಲು ಕಾವಲಿನವರೂ ಇಂಥದೇ ಸುಳ್ಳು ಕಡತಗಳನ್ನು ಅಲ್ಲಲ್ಲಿ ಇಡುತ್ತಿದ್ದರು. ಅದನ್ನು ಕಲಿಯಲು ಅವಳಿಗೆ ಆರು ತಿಂಗಳು ಹಿಡಿದಿತ್ತು. ಸಿಟ್ಟು ಬರುವ ಬದಲು ನಗು ಬಂತು, ನಗುವಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

“ಅತ್ತೀ, ಊರಾಗ ಎಲ್ಲಾಕ್ಕಿಂತ ಮೊದಲು ಕಳ್ಳನ್ನ ಹಿಡದದ್ದು ನೀವು.”

“ಹಿಡದೆ, ಆದರ ತಪ್ಪು ಮಂದಿನ್ನ ಹಿಡದೆ. ಏಳು, ಹಸಿವಾಗೇತಿ. ಹಿತ್ತಲ ಒಲಿ ಹೊಗಿ ಭಾಳ ಕಾರತೈತಿ.”

ಆ ದಿನ ಒಂದೇ ಒಲೆ ಉರಿಯಿತು. ಸೊಸೆಯ ರೊಟ್ಟಿ ದಪ್ಪ ಎಂದು ಅತ್ತೆ ಮುಖಕ್ಕೆ ಹೇಳಿದಳು, ತೆಳ್ಳಗೆ ಬೇಕಾದರೆ ಗಾಳಿ ತಿನ್ನಿ ಎಂದು ಸೊಸೆ ಹೇಳಿದಳು. ಮಾತು ಲಾಳಿಯಿಲ್ಲದೆ ನೇರವಾಗಿ ಹೋಗಿ ಬಂದದ್ದನ್ನು ಕೇಳಿ ಮುರಿಗೆಪ್ಪ ಎರಡು ರೊಟ್ಟಿ ಹೆಚ್ಚು ಉಂಡ.

ಕಂಪನಿಯವರು ದಾಕ್ಷಾಯಣಿಯನ್ನು ತೆಗೆಯಲಿಲ್ಲ. ತೆಗೆದಿದ್ದರೆ ಯಾಕೆ ತೆಗೆದಿರೆಂದು ಊರು ಕೇಳುತ್ತಿತ್ತು, ಆ ಭಯ. ಕಳ್ಳ ದೂರದ ಪಟ್ಟಣದಲ್ಲಿ ಸಿಕ್ಕ. ಅವನದು ಜನರ ಆಸೆಗಳನ್ನು ಸಗಟಾಗಿ ಮಾರುವ ಒಂದು ಅಂಗಡಿ. ಬೀಗ ಜಡಿದರು. ಇನ್ನೊಂದು ಎಲ್ಲೋ ತೆರೆದೇ ಇರುತ್ತದೆ.

ಪೆಟ್ಟಿಗೆಗಳು ಮತ್ತೆ ಬಾಯಿ ತೆರೆದವು. ಗುರುಸಿದ್ಧವ್ವ ತನ್ನ ನಾಲ್ಕು ಪದ ಯಾವುವೆಂದು ಯಾರಿಗೂ ಹೇಳಲಿಲ್ಲ. ಒಳಗೆ ಹೊಸ ಬಲೆಯನ್ನೂ ಒಡ್ಡಿದ್ದೇನೆ, ತಿನಿಸು ಬದಲಾಗಿದೆ ಎಂದು ಮಾತ್ರ ಸೊಸೆಗೆ ಸಾರಿದಳು. ಅಂದಿನಿಂದ ದಾಕ್ಷಾಯಣಿ ಹೊಸದೇನಾದರೂ ಮಾಡುವ ಮುಂಚೆ ಅತ್ತೆಯ ಮುಖ ನೋಡುತ್ತಾಳೆ.

ಎಲ್ಲರೂ ಸುಖವಾಗಿದ್ದರೂ ಮುರಿಗೆಪ್ಪ ಮಾತ್ರ ಸಪ್ಪಗಾದ. ಮಗ್ಗ ಆಗಾಗ ನಿಲ್ಲುತ್ತಿತ್ತು. ಮೈಗೆ ಹುಷಾರಿಲ್ಲವೇ ಎಂದು ಸೊಸೆ ಕೇಳಿದಳು.

“ಏನಿಲ್ಲವಾ,” ಎಂದ ಮಾವ. ನೂಲಿನ ಗಂಟು ಬಿಡಿಸುತ್ತ, ತಲೆಯೆತ್ತದೆ ಹೇಳಿದ. “ವಾರಕ್ಕೊಮ್ಮೆ ಒಳಕೋಣ್ಯಾಗ ಆಕಿ ನನ್ನ ಹೆಸರು ಹೇಳತಿದ್ದಳು. ಕೆಮ್ಮಿದ್ದು ಕೇಳಿದ್ರ ನಾ ಮಗ್ಗಾ ನಿಲ್ಲಸತಿದ್ದೆ. ಈಗ ನಿಲ್ಲಸತೇನಿ, ಅಲ್ಲೇನು ಒನಕಿನೋ ಆಮಿನೋ ಕೇಳತೈತಿ.”

ದಾಕ್ಷಾಯಣಿ ತಿರುಗಿದರೆ, ನಡುಬಾಗಿಲಲ್ಲಿ ಗುರುಸಿದ್ಧವ್ವ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ಸೊಸೆಯ ಮುಖ ನೋಡಿದಳು, ಗೋಡೆ ನೋಡಿದಳು. ಒಂದು ಸಲ ಕೆಮ್ಮಿದಳು. ಬಳೆ ಮೇಲೆ ಸರಿಸಿದಳು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಿಟ್ಟಳು.

“ಮುರಿಗೆಪ್ಪ,” ಎಂದಳು, “ಸುಮ್ಮನ ಮಗ್ಗಾ ಹಚ್ಚ್ರಿ.”

ಹಚ್ಚಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.